ಹಾಲು ಬಿಡಿಸಬೇಕಾ, ಗುಳಿಗೆ ಬಿಡಬೇಕಾ?

ಮೊನ್ನೆ ಕಾರ್ಯಕ್ರಮ ಮುಗಿಸಿ ಹೊರಗೆ ಬರುವಷ್ಟರಲ್ಲಿ ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳ ಫೋನ್. "ಸರ್, ಹಡದು ಎರಡು ತಿಂಗಳಾತ್ರಿ. ಡಾಕ್ಟರ್ ಮನಸ್ಸಿನ ಗುಳಗಿ ಬರದುಕೊಟ್ಟಾರ. ಕೂಸಿಗೆ ವಿಷ ಕುಡಸ್ತಿ ಏನ ಅಂತಾರ ಮನ್ಯಾಗ. ಹಾಲು ಬಿಡಸ್ಲೋ, ಗುಳಗಿ ಬಿಡ್ಲೋ?"

ನಾನು ಡಾಕ್ಟರ್ ಅಲ್ಲ. ಆದರೆ ಕೆಲ ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂದಾಗ, ತಂಗಿಗೆ "ಗುಳಿಗೆ ಬಿಡು" ಅಂದವನು ನಾನೇ. ಬಿಟ್ಟಳು. ಮೂರನೇ ವಾರಕ್ಕೆ, ಕೂಸು ಅತ್ತರೂ ಎತ್ತಿಕೊಳ್ಳದೆ ಗೋಡೆ ನೋಡುತ್ತಾ ಕೂತಿದ್ದಳು. ಅದಕ್ಕೇ ಈ ಸಲ ತಿಳಿದುಕೊಂಡು ಮಾತಾಡುತ್ತಿದ್ದೇನೆ.

ತಾಯಿ ನುಂಗಿದ ಔಷಧಿ ಹಾಲಿಗೆ ಇಳಿಯುತ್ತಾ? ಇಳಿಯುತ್ತೆ. ಎಷ್ಟು ಅನ್ನೋದೇ ಪ್ರಶ್ನೆ. ತಾಯಿಯ ಒಂದು ಕಿಲೋ ತೂಕಕ್ಕೆ ಬೀಳುವ ಔಷಧಿಗೆ ಹೋಲಿಸಿ, ಕೂಸಿನ ಒಂದು ಕಿಲೋಗೆ ಹಾಲಿನಿಂದ ಎಷ್ಟು ಸೇರುತ್ತೆ ಅಂತ ಲೆಕ್ಕ ಹಾಕುತ್ತಾರೆ. ಅದು ಶೇ. 10ಕ್ಕಿಂತ ಕಡಿಮೆ ಇದ್ದರೆ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಸಾಮಾನ್ಯವಾಗಿ ನಡೆಯುತ್ತೆ. ಸರ್ಟ್ರಾಲಿನ್ ಎಂಬ ಗುಳಿಗೆಯಲ್ಲಿ ಅದು ಸಾಮಾನ್ಯವಾಗಿ ಶೇ. 3ಕ್ಕೂ ಕಡಿಮೆ. ಬಾಣಂತಿಯರಿಗೆ ವೈದ್ಯರು ಹೆಚ್ಚಾಗಿ ಅದನ್ನೇ ಮೊದಲು ಆರಿಸೋದು ಇದಕ್ಕೇ.

ಹಾಗಂತ ಎಲ್ಲಾ ಗುಳಿಗೆಯೂ ಒಂದೇ ಅಲ್ಲ. ಫ್ಲುಯೊಕ್ಸೆಟಿನ್ ಮೈಯಲ್ಲಿ ಬಹಳ ದಿನ ಉಳಿಯುತ್ತೆ. ಎಳೆಗೂಸಿದ್ದಾಗ ಹೆಚ್ಚು ಗಮನ ಬೇಕು. ಡಾಕ್ಸೆಪಿನ್ ಬೇಡ ಅನ್ನುತ್ತಾರೆ. ಲಿಥಿಯಂ ಲೆಕ್ಕವೇ ಬೇರೆ. ದಿನ ತುಂಬದೆ ಹುಟ್ಟಿದ ಕೂಸಾದರೆ ಮಕ್ಕಳ ಡಾಕ್ಟರಿಗೂ ಹೇಳಬೇಕು. ಕೂಸು ವಿಪರೀತ ನಿದ್ದೆ ಮಾಡಿದರೆ, ಸುಮ್ಮನಾಗದೆ ಅತ್ತರೆ, ಹಾಲು ಕುಡಿಯದಿದ್ದರೆ, ತೂಕ ಏರದಿದ್ದರೆ ತಕ್ಷಣ ತೋರಿಸಬೇಕು.

ಇನ್ನು ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಹೆತ್ತ ಮೊದಲ ದಿನಗಳ ಅಳು ಎರಡು ವಾರದಲ್ಲಿ ತಾನಾಗಿ ಹೋಗುತ್ತೆ. ಹೋಗದಿದ್ದರೆ ಅದು ಕಾಯಿಲೆ. ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಪ್ರಕಟವಾದ ಲೆಕ್ಕ ಹೇಳೋದು: ಶೇ. 22ರಷ್ಟು ಬಾಣಂತಿಯರಿಗೆ ಈ ಖಿನ್ನತೆ. ಐವರಲ್ಲಿ ಒಬ್ಬರು! ಬಾಣಂತಿಗೆ ಅಂಟಿನುಂಡಿ ಕಟ್ಟಿ ಕೊಡುತ್ತೇವೆ, ಕಿವಿಗೆ ಗಾಳಿ ಸೋಕದಂತೆ ಬಟ್ಟೆ ಕಟ್ಟುತ್ತೇವೆ. "ಮನಸ್ಸು ಹೆಂಗೈತಿ?" ಅಂತ ಕೇಳೋದಿಲ್ಲ.

ತಂಗಿಗೆ ಮತ್ತೆ ಚಿಕಿತ್ಸೆ ಶುರುವಾಯಿತು. ಗುಳಿಗೆ ನುಂಗುತ್ತಲೇ ಹಾಲು ಕುಡಿಸಿದಳು.

ಆ ಹೆಣ್ಣುಮಗಳಿಗೆ ನಾನು ಹೇಳಿದ್ದು ಇಷ್ಟೇ. ಎರಡರಲ್ಲಿ ಯಾವುದನ್ನೂ ನೀವಾಗಿ ಬಿಡಬೇಡಿ. ಬರೆದುಕೊಟ್ಟ ಡಾಕ್ಟರ್ ಹತ್ತಿರ ಹೋಗಿ, ಎದೆಹಾಲು ಕುಡಿಸುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕಾಸಿಲ್ಲ. ಸಾಯುವ ಯೋಚನೆ, ಕೂಸಿಗೆ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ನಾಳೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಮತ್ತೆ, ಹೋಗುವಾಗ ಅತ್ತೆಯವರನ್ನೂ ಕರಕೊಂಡು ಹೋಗ್ರಿ ಅಂದೆ. ವಿಷದ ಮಾತನ್ನು ಅವರು ಡಾಕ್ಟರ್ ಎದುರಿಗೇ ಕೇಳಲಿ.