ಬಿ.ಇ., ಬಿ.ಎಸ್ಸಿ. ಆದ ಮೇಲೆ ಮುಂದೇನು?

"ಡಿಗ್ರಿ ಆಯಿತಲ್ಲ, ಇನ್ನು ಓದಿಸುವ ಶಕ್ತಿ ನಮಗಿಲ್ಲ" ಎಂದು ಅನೇಕ ಪೋಷಕರು ನಮ್ಮಲ್ಲಿ ಹೇಳುತ್ತಾರೆ. ಅವರ ಕಷ್ಟವನ್ನು ನಾವು ಬಲ್ಲೆವು. ಆದರೆ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಉನ್ನತ ಶಿಕ್ಷಣದ ಲೆಕ್ಕ ಬೇರೆಯೇ ಇದೆ.

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡೋಣ. ಗೇಟ್ ಪರೀಕ್ಷೆಯ ಮೂಲಕ ಅಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಪಿಎಚ್.ಡಿ.ಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬಿ.ಎಸ್ಸಿ. ಮಾಡಿದವರು ಜ್ಯಾಮ್ ಪರೀಕ್ಷೆ ಬರೆದು ಅಲ್ಲಿನ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು.

ಗೇಟ್ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿಯನ್ನು ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಹಾಕಬೇಕು. ಮೂರನೇ ವರ್ಷದ ವಿದ್ಯಾರ್ಥಿಗಳೂ ಬರೆಯಬಹುದು. ಸ್ಕೋರ್ ಮೂರು ವರ್ಷ ಊರ್ಜಿತವಾಗಿರುತ್ತದೆ. ಆದ್ದರಿಂದ ಮನೆಯ ಅನಿವಾರ್ಯತೆಯಿಂದ ಕೆಲಸಕ್ಕೆ ಸೇರಿದ ಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ಆದರೆ ಗೇಟ್ ಬರೆದರಷ್ಟೇ ಸಾಲದು. ಫಲಿತಾಂಶ ಬಂದ ಮೇಲೆ ಸೀಟಿಗಾಗಿ ಬೇರೆ ಅರ್ಜಿ ಹಾಕಬೇಕು. ಆ ದಿನಾಂಕ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ.

ಹಾಗಾದರೆ ಹಣದ ಅಡಚಣೆ ಎಲ್ಲಿ? ಪರೀಕ್ಷಾ ಶುಲ್ಕ, ಪುಸ್ತಕ, ಪ್ರವೇಶ ಶುಲ್ಕ, ಹಾಸ್ಟೆಲ್ ಠೇವಣಿ, ಮೊದಲ ವಿದ್ಯಾರ್ಥಿವೇತನ ಕೈಸೇರುವವರೆಗಿನ ಖರ್ಚು. ಇವೆಲ್ಲ ಆರಂಭದಲ್ಲೇ ಬರುತ್ತವೆ. ದಾನಿಗಳು ಈ ಹಂತದಲ್ಲಿ ಕೊಡುವ ಚಿಕ್ಕ ನೆರವು ಹಲವು ವರ್ಷಗಳ ಓದಿಗೆ ದಾರಿಯಾಗುತ್ತದೆ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗನಿರಲಿ, ಮಗಳಿರಲಿ, ಓದು ನಿಲ್ಲಿಸುವ ಮೊದಲು ಅಂಕಪಟ್ಟಿಗಳೊಂದಿಗೆ ಒಮ್ಮೆ ನಮ್ಮ ಕಚೇರಿಗೆ ಬನ್ನಿ.