ಬಿಸಿಲು ತಿಂದ ಡ್ಯಾಶ್‌ಬೋರ್ಡ್‌ಗೆ ಹೊಸ ಮೆರುಗು

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಮುಂದೆ ನಿಲ್ಲದೆ ಬರುವುದಿಲ್ಲ. ಇದನ್ನು ಮಾಡಿಸಲು ಹೇಳಿದ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಕಾರು ಬರುವ ಮೊದಲೇ, 1911ರಲ್ಲಿ ತೀರಿಕೊಂಡರು. ಅದು ಮಗ ಉಸ್ಮಾನ್ ಅಲಿ ಖಾನರ ಪಾಲಾಯಿತು.

ಅರಮನೆಯ ಕಾರಿಗೆ ನೆರಳಿದೆ, ಕಾಯುವವರಿದ್ದಾರೆ. ಮನೆ ಮುಂದೆ ನಿಂತ ಹಳೆಯ ಕಾರಿಗೆ ಇಲ್ಲಿನ 40 ಡಿಗ್ರಿ ದಾಟುವ ಮೇ ಬಿಸಿಲೇ ಶತ್ರು. ಮುಚ್ಚಿದ ಗಾಜಿನೊಳಗೆ ಶಾಖ ಇನ್ನೂ ಏರಿ ಡ್ಯಾಶ್‌ಬೋರ್ಡಿನ ವಾರ್ನಿಶ್ ಸಿಪ್ಪೆಯೇಳುತ್ತದೆ, ರೆಕ್ಸಿನ್ ಬಿರಿಯುತ್ತದೆ.

ತಾಳ್ಮೆಯಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಮೀಟರುಗಳ ಹಿಂದಿನ ಪ್ರತಿ ವೈರಿಗೂ ಚೀಟಿ ಅಂಟಿಸಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಜಾಗ್ವಾರ್ ಮಾರ್ಕ್ 2ರಂಥ ಕಾರಿನ ಹಲಗೆಯ ಮೇಲಿರುವುದು ತೆಳ್ಳನೆಯ ವಾಲ್ನಟ್ ವೆನೀರ್. ಉಜ್ಜುವ ಮೆಶೀನು ಹಚ್ಚಿದರೆ ಕ್ಷಣದಲ್ಲಿ ಸವೆದು ಒಳಮರ ಕಾಣುತ್ತದೆ. ನಯವಾದ ಉಪ್ಪುಕಾಗದದಿಂದ, ಮರದ ಎಳೆಯ ದಿಕ್ಕಿಗೇ, ಕೈಯಲ್ಲೇ ಉಜ್ಜಬೇಕು.

ಫಿಯೆಟ್ 1100ರ ತಗಡಿನ ಡ್ಯಾಶ್‌ಬೋರ್ಡಿಗೆ ತುಕ್ಕು ಕೆರೆದು, ಪ್ರೈಮರ್ ಹೊಡೆದು, ಬಣ್ಣ ಹಾಕಿದರಾಯಿತು.

ಮಳೆಗಾಲದಲ್ಲಿ ಮಾತ್ರ ಮರಕ್ಕೆ ಪಾಲಿಶ್ ಬೇಡ. ತೇವ ಹಿಡಿದರೆ ಮೆರುಗು ಹಾಲಿನಂತೆ ಬೆಳ್ಳಗಾಗುತ್ತದೆ. ಮೀಟರಿನ ಗಾಜು ಒರೆಸಿ, ಮುಳ್ಳು ಸರಿಪಡಿಸಿ. ಕಾರು ಓಡಿದ ದೂರದ ಅಂಕಿಯನ್ನು ದಯವಿಟ್ಟು ತಿರುಗಿಸಬೇಡಿ.