ಶಿಖರಾರೋಹಣವೂ ಸ್ವತ್ವವಿಚಾರವೂ

ಪರ್ವತಶಿಖರವು ಯಾರಿಗೆ ಸೇರಿದುದು ಎಂದು ಕೇಳಿದರೆ, ಅದು ಪ್ರಕೃತಿಗೆ ಸೇರಿದುದು, ಆದಕಾರಣ ಏರಬಲ್ಲವರೆಲ್ಲರಿಗೂ ಸೇರಿದುದು ಎಂದು ಉತ್ತರಿಸುವವರು ಬಹು ಮಂದಿ. ಈ ಉತ್ತರವು ಕಾವ್ಯದಲ್ಲಿ ಶೋಭಿಸಬಹುದು, ವ್ಯವಹಾರದಲ್ಲಿ ನಿಲ್ಲತಕ್ಕುದಲ್ಲ. ಶಿಖರವೂ ಭೂಮಿಯ ಒಂದು ಭಾಗವೇ; ಭೂಮಿಗೆ ಸ್ವಾಮಿಯಿದ್ದರೆ ಶಿಖರಕ್ಕೂ ಉಂಟು. ಆ ಸ್ವಾಮಿಯು ಒಂದು ಬುಡಕಟ್ಟಿನ ಜನಸಮುದಾಯವಾಗಿದ್ದಲ್ಲಿ ಹೊರಗಿನಿಂದ ಬರುವ ಪರ್ವತಾರೋಹಿಗೆ ಯಾವ ಅಧಿಕಾರವಿದೆಯೆಂಬುದು ಇಲ್ಲಿ ವಿಚಾರ್ಯ ವಿಷಯ. ಇದನ್ನು ನಿರ್ಣಯಿಸಲು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮೂರು ಗಿರಿಗಳ ವೃತ್ತಾಂತವು ತಕ್ಕ ಉದಾಹರಣೆಯಾಗಿದೆ. ಒಂದರಲ್ಲಿ ನಿಷೇಧವಿದೆ, ಇನ್ನೊಂದರಲ್ಲಿ ಅನುಜ್ಞೆಯಿದೆ, ಮೂರನೆಯದರಲ್ಲಿ ಕೇವಲ ಪ್ರಾರ್ಥನೆಯಿದೆ. ಈ ಭೇದಕ್ಕೆ ಕಾರಣವು ಗಿರಿಗಳ ಪಾವಿತ್ರ್ಯದ ತಾರತಮ್ಯವಲ್ಲ, ಸ್ವತ್ವದ ಇತಿಹಾಸವೇ.

ಮೊದಲು ಸಾಮಾನ್ಯ ನಿಯಮವನ್ನು ಹೇಳಬೇಕು. ಆ ದೇಶದಲ್ಲಿ ಮೂಲನಿವಾಸಿಗಳಿಗೆಂದು ಕಾದಿರಿಸಿದ ಪ್ರದೇಶಗಳ ಬಹುಭಾಗವನ್ನು ಕೇಂದ್ರ ಸರ್ಕಾರವು ಆಯಾ ಬುಡಕಟ್ಟಿನ ಪರವಾಗಿ ನ್ಯಾಸರೂಪದಲ್ಲಿ ಹಿಡಿದಿದೆ. ಅಂತಹ ಭೂಮಿಯಿಂದ ಅನ್ಯರನ್ನು ಹೊರಗಿರಿಸುವ ಅಧಿಕಾರವು ಬುಡಕಟ್ಟಿಗೆ ಉಂಟು. ೧೯೮೨ರಲ್ಲಿ ಹಿಕರಿಯಾ ಅಪಾಚೆ ಜನರು ವಿಧಿಸಿದ ತೈಲಾನಿಲಗಳ ಮೇಲಣ ತೆರಿಗೆಯ ವಿವಾದದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಹೊರಗಿರಿಸುವ ಅಧಿಕಾರವುಳ್ಳವರಿಗೆ ಒಳಗೆ ಬಿಡುವಾಗ ನಿಬಂಧನೆಗಳನ್ನು ವಿಧಿಸುವ ಅಧಿಕಾರವೂ ಅದರಲ್ಲಿಯೇ ಅಡಗಿರುತ್ತದೆಯೆಂದು ತಿಳಿಸಿತು. ಹೆಚ್ಚಿನದನ್ನು ಮಾಡಬಲ್ಲವನು ಕಡಿಮೆಯದನ್ನು ಮಾಡಬಲ್ಲನೆಂಬುದರಲ್ಲಿ ಹೇಳತಕ್ಕುದೇನು ಎಂಬ ನಮ್ಮವರ ಕೈಮುತಿಕ ನ್ಯಾಯವೇ ಇದು. ಆದರೆ ಈ ಅಧಿಕಾರಕ್ಕೆ ಒಂದು ಊನವೂ ಇದೆ. ೧೯೭೮ರ ಸುಕ್ವಾಮಿಷ್ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಮೂಲನಿವಾಸಿಗಳಲ್ಲದವರನ್ನು ಅಪರಾಧಿಗಳೆಂದು ವಿಚಾರಿಸಿ ದಂಡಿಸುವ ಅಧಿಕಾರವು ಬುಡಕಟ್ಟಿನ ನ್ಯಾಯಾಲಯಗಳಿಗೆ ಇಲ್ಲವೆಂದು ತೀರ್ಮಾನಿಸಿತು. ಹೀಗಾಗಿ ಅನುಮತಿಯಿಲ್ಲದೆ ಶಿಖರವನ್ನೇರಿದ ಪರಸ್ಥಳದವನನ್ನು ಹೊರಗಟ್ಟಬಹುದು. ಸೆರೆಯಲ್ಲಿರಿಸುವುದು ಬುಡಕಟ್ಟಿಗೆ ಸಾಧ್ಯವಿಲ್ಲ.

ಇನ್ನು ಮೊದಲನೆಯ ಗಿರಿ. ನ್ಯೂ ಮೆಕ್ಸಿಕೋ ಸಂಸ್ಥಾನದ ವಾಯವ್ಯ ಭಾಗದಲ್ಲಿ, ನವಾಹೋ ಜನರ ನೆಲದಲ್ಲಿ, ಬಯಲಿನಿಂದ ಸುಮಾರು ೧,೫೮೦ ಅಡಿ ನೆಟ್ಟನೆ ಮೇಲೆದ್ದಿರುವ ಒಂದು ಶಿಲಾರಾಶಿಯಿದೆ. ಅದು ಪ್ರಾಚೀನ ಜ್ವಾಲಾಮುಖಿಯೊಂದರ ಕಂಠಶೇಷ. ಹಡಗಿನಂತೆ ತೋರುವುದರಿಂದ ಬಿಳಿಯರು ಅದನ್ನು ಷಿಪ್‌ರಾಕ್ ಎಂದು ಕರೆದರು. ನವಾಹೋ ಭಾಷೆಯಲ್ಲಿ ಅದು ರೆಕ್ಕೆಯುಳ್ಳ ಬಂಡೆ. ೧೯೩೯ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ನಾಲ್ವರು ಅದರ ನೆತ್ತಿಯನ್ನು ಮುಟ್ಟಿದ ಮೇಲೆ ಆರೋಹಿಗಳಲ್ಲಿ ಅದಕ್ಕೆ ದೊಡ್ಡ ಹೆಸರಾಯಿತು. ೧೯೭೦ರಲ್ಲಿ ಅಲ್ಲಿ ಒಂದು ಅಪಘಾತವು ಸಂಭವಿಸಿತು. ಅನಂತರ ನವಾಹೋ ಆಡಳಿತವು ಆರೋಹಣವನ್ನು ನಿಷೇಧಿಸಿತು. ಆ ಜನರ ಆಚಾರದಲ್ಲಿ ಮರಣವು ಸಂಭವಿಸಿದ ಸ್ಥಳವು ವರ್ಜ್ಯವೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಈ ನಿಷೇಧಕ್ಕೆ ಯಾವ ನ್ಯಾಯಾಲಯದ ಸಮ್ಮತಿಯೂ ಬೇಕಾಗಲಿಲ್ಲ. ಕಾರಣವನ್ನು ಸಮರ್ಥಿಸುವ ಆವಶ್ಯಕತೆಯೂ ಇರಲಿಲ್ಲ. ಸ್ವಾಮಿಯು ಬೇಡವೆಂದನು, ಅಲ್ಲಿಗೆ ಮುಗಿಯಿತು.

ಎರಡನೆಯದು ವಾಷಿಂಗ್ಟನ್ ಸಂಸ್ಥಾನದ ಆಡಮ್ಸ್ ಪರ್ವತ. ಇದರ ಎತ್ತರ ೧೨,೨೭೬ ಅಡಿ. ಯಾಕಮಾ ಜನರಿಗೆ ಇದು ಪೂಜ್ಯವಾದ ಗಿರಿ. ೧೮೫೫ರ ಕೌಲಿನಂತೆ ಅವರಿಗೆ ಕಾದಿರಿಸಿದ ಪ್ರದೇಶದ ಎಲ್ಲೆಯನ್ನು ತೋರಿಸುವ ನಕ್ಷೆಯು ಸರ್ಕಾರದ ದಫ್ತರದಲ್ಲಿಯೇ ಕಾಣೆಯಾಯಿತು. ತಪ್ಪಾದ ಅಳತೆಗಳ ಮೇಲೆ ಪರ್ವತದ ಪೂರ್ವಪಾರ್ಶ್ವವು ಸರ್ಕಾರಿ ಅರಣ್ಯದಲ್ಲಿ ಸೇರಿಹೋಯಿತು. ಬೇರೆಡೆಯ ಕಾಗದಗಳೊಡನೆ ಸೇರಿದ್ದ ಆ ನಕ್ಷೆಯು ೧೯೩೦ರಲ್ಲಿ ದೊರೆತರೂ, ಅಧ್ಯಕ್ಷ ನಿಕ್ಸನ್ನರ ಆಜ್ಞೆಯಿಂದ ಸುಮಾರು ೨೧,೦೦೦ ಎಕರೆ ನೆಲವು ಯಾಕಮಾ ಜನರಿಗೆ ಮರಳಿದುದು ೧೯೭೨ರ ಮೇ ತಿಂಗಳಲ್ಲಿ. ಆದಕಾರಣ ಈ ಗಿರಿಗೆ ಇಬ್ಬರು ಸ್ವಾಮಿಗಳು. ದಕ್ಷಿಣದ ಪ್ರಸಿದ್ಧ ಮಾರ್ಗದಿಂದ ಏರುವವನು ಸರ್ಕಾರಿ ಅರಣ್ಯದ ನಿಯಮಕ್ಕೆ ಒಳಪಡುತ್ತಾನೆ; ಪೂರ್ವಪಾರ್ಶ್ವದ ಹುಲ್ಲುಗಾವಲುಗಳಿಗೆ ಹೋಗಬೇಕೆನ್ನುವವನು ಯಾಕಮಾ ಆಡಳಿತಕ್ಕೆ ಶುಲ್ಕವನ್ನು ತೆತ್ತು, ಅವರು ತೆರೆದ ಬೇಸಗೆಯ ದಿನಗಳಲ್ಲಿ, ಅವರು ತೆರೆದ ಭಾಗದಲ್ಲಿ ಮಾತ್ರ ಸಂಚರಿಸಬೇಕು. ಇಲ್ಲಿ ಗಮನಿಸತಕ್ಕುದೇನೆಂದರೆ, ನೆಲವು ಮರಳಿತೆಂಬ ಮಾತ್ರಕ್ಕೆ ಆ ಜನರು ದಾರಿಯನ್ನು ಪೂರ್ಣವಾಗಿ ಮುಚ್ಚಲಿಲ್ಲ. ಇಲ್ಲವೆನ್ನುವ ಅಧಿಕಾರವಿದ್ದವರು ಹೌದೆಂದಾಗಲೇ ಅದು ಅನುಜ್ಞೆಯೆನಿಸುತ್ತದೆ.

ಮೂರನೆಯದು ವಯೋಮಿಂಗ್ ಸಂಸ್ಥಾನದ ಶಿಲಾಸ್ತಂಭ. ಲಕೋಟಾ ಜನರು ಇದನ್ನು ಕರಡಿಯ ಮನೆಯೆಂಬ ಅರ್ಥದಲ್ಲಿ ಮಾತೊ ಟಿಪಿಲಾ ಎನ್ನುವರು. ಸರ್ಕಾರದ ಲೆಕ್ಕದಲ್ಲಿ ಇದು ಡೆವಿಲ್ಸ್ ಟವರ್. ೧೮೬೮ರ ಲಾರಮಿ ಕೋಟೆಯ ಕೌಲಿನ ೧೬ನೆಯ ಪರಿಚ್ಛೇದದಂತೆ, ಬಿಗ್‌ಹಾರ್ನ್ ಪರ್ವತಗಳ ಪೂರ್ವಕ್ಕಿದ್ದ ಈ ಸೀಮೆಯಲ್ಲಿ ಬಿಳಿಯರು ನೆಲಸುವಂತಿರಲಿಲ್ಲ. ಮೂಲನಿವಾಸಿಗಳ ಸಮ್ಮತಿಯನ್ನು ಮೊದಲೇ ಪಡೆಯದೆ ಹಾದುಹೋಗುವಂತೆಯೂ ಇರಲಿಲ್ಲ. ಎಂದರೆ ಪಥಿಕನನ್ನು ತಡೆಯುವ ಅಧಿಕಾರವು ಅಂದು ಲಿಖಿತರೂಪದಲ್ಲಿಯೇ ಇದ್ದಿತು. ೧೮೭೭ರಲ್ಲಿ ಆ ಪರಿಚ್ಛೇದವನ್ನು ರದ್ದುಪಡಿಸಲಾಯಿತು. ೧೯೦೬ರಲ್ಲಿ ಸ್ತಂಭವು ರಾಷ್ಟ್ರೀಯ ಸ್ಮಾರಕವಾಯಿತು. ಜೂನ್ ತಿಂಗಳು ಆ ಸೀಮೆಯ ಹಲವು ಬುಡಕಟ್ಟುಗಳಿಗೆ ವ್ರತೋತ್ಸವಗಳ ಕಾಲ. ೧೯೯೫ರಲ್ಲಿ ಉದ್ಯಾನಗಳ ಆಡಳಿತವು, ಆ ತಿಂಗಳಲ್ಲಿ ಯಾರೂ ಏರದಿರಲೆಂದು ಆರೋಹಿಗಳನ್ನು ಬೇಡಿಕೊಂಡಿತು. ವೃತ್ತಿನಿರತ ಮಾರ್ಗದರ್ಶಕರಿಗೆ ಆ ತಿಂಗಳು ಪರವಾನಗಿ ಕೊಡಬಾರದೆಂಬ ನಿಯಮಕ್ಕೆ, ಅದು ಮತಾಚರಣೆಗೆ ಸರ್ಕಾರದ ಒತ್ತಾಸೆಯಾದೀತೆಂದು ೧೯೯೬ರಲ್ಲಿ ನ್ಯಾಯಾಲಯವು ತಡೆಯೊಡ್ಡಿತು. ಸ್ವಯಂಪ್ರೇರಿತ ಸಂಯಮದ ಪ್ರಾರ್ಥನೆಯನ್ನು ಮಾತ್ರ ೧೯೯೮ರಲ್ಲಿ ಎತ್ತಿಹಿಡಿಯಿತು. ೧೯೯೪ರ ಜೂನ್ ತಿಂಗಳಲ್ಲಿ ೧,೨೨೫ ಇದ್ದ ಆರೋಹಿಗಳ ಸಂಖ್ಯೆಯು ಮರುವರ್ಷ ೧೯೩ಕ್ಕೆ ಇಳಿಯಿತು. ಪ್ರಾರ್ಥನೆಯು ನಿಷ್ಫಲವಲ್ಲವೆಂಬುದಕ್ಕೆ ಇದು ಸಾಕ್ಷಿ. ಸಂಖ್ಯೆಯು ಸೊನ್ನೆಯಾಗಲಿಲ್ಲವೆಂಬುದು ಪ್ರಾರ್ಥನೆಗೂ ನಿಷೇಧಕ್ಕೂ ಇರುವ ಅಂತರಕ್ಕೆ ಸಾಕ್ಷಿ.

ಸರ್ಕಾರಿ ನೆಲದಲ್ಲಿ ನಿಷೇಧವು ಎಂದಿಗೂ ಅಸಾಧ್ಯವೇ ಎಂದರೆ, ಹಾಗೂ ಅಲ್ಲ. ಟಾಹೋ ಸರೋವರದ ದಡದಲ್ಲಿ ವಾಷೋ ಜನರಿಗೆ ಪವಿತ್ರವಾದ ಗುಹಾಶಿಲೆಯ ಮೇಲೆ ಆರೋಹಣವನ್ನು ಅರಣ್ಯಾಧಿಕಾರಿಗಳು ನಿಷೇಧಿಸಿದರು. ೨೦೦೭ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಒಪ್ಪಿತು. ಆದರೆ ಐತಿಹಾಸಿಕ ಮತ್ತು ಸಾಂಸ್ಕೃತಿಕ ಸ್ಥಳವನ್ನು ರಕ್ಷಿಸುವುದೆಂಬ ಲೌಕಿಕ ಪ್ರಯೋಜನವೇ ಆ ಸಮ್ಮತಿಗೆ ಆಧಾರವಾಯಿತು. ನವಾಹೋ ಜನರು ತಮ್ಮ ನೆಲದಲ್ಲಿ ಕಾರಣವನ್ನು ಹೇಳಬೇಕಾಗಿಲ್ಲ. ವಾಷೋ ಜನರ ಶ್ರದ್ಧೆಯಾದರೋ ಇತಿಹಾಸದ ವೇಷವನ್ನು ಧರಿಸಿಯೇ ನ್ಯಾಯಾಲಯವನ್ನು ಪ್ರವೇಶಿಸಬೇಕಾಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕೌಲು, ನಕ್ಷೆ, ಆಜ್ಞಾಪತ್ರ ಇವುಗಳಿಂದಲೇ ಈ ಜನರಿಗೆ ಸ್ವತ್ವವು ಬಂದಿತಷ್ಟೆ; ಪತ್ರವು ಹೋದಲ್ಲಿ ಸ್ವತ್ವವೂ ಹೋಯಿತು, ಇನ್ನು ದೂರತಕ್ಕುದೇನು ಎಂಬುದು. ಇದಕ್ಕೆ ಸಮಾಧಾನವನ್ನು ಕನ್ನಡ ನಾಡಿನ ಗ್ರಂಥವೊಂದರಲ್ಲಿಯೇ ಕಾಣಬಹುದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯ ದಾಯವಿಭಾಗ ಪ್ರಕರಣದಲ್ಲಿ, ಸ್ವತ್ವವು ಶಾಸ್ತ್ರದಿಂದಲೇ ತಿಳಿಯತಕ್ಕುದೋ ಲೋಕದಿಂದ ಸಿದ್ಧವಾದುದೋ ಎಂದು ವಿಚಾರಿಸಿ, ಲೌಕಿಕವೇ ಎಂದು ಸಿದ್ಧಾಂತಪಡಿಸಿದ್ದಾನೆ. ಅವನು ಕೊಡುವ ಯುಕ್ತಿಗಳಲ್ಲೊಂದು, ಶಾಸ್ತ್ರವ್ಯವಹಾರವನ್ನೇ ಅರಿಯದ ಪ್ರತ್ಯಂತವಾಸಿಗಳಲ್ಲಿಯೂ ಕ್ರಯವಿಕ್ರಯಾದಿಗಳು ಕಂಡುಬರುತ್ತವೆಯೆಂಬುದು. ಅವನು ದಾಯಭಾಗಕ್ಕಾಗಿ ಹೀಗೆ ವಿಚಾರಿಸಿದನೇ ಹೊರತು ಗಿರಿಜನರ ಹಕ್ಕಿಗಾಗಿ ಅಲ್ಲ. ಆದರೂ ಯುಕ್ತಿಯ ವ್ಯಾಪ್ತಿಯು ಪ್ರಕರಣವನ್ನು ಮೀರುತ್ತದೆ. ಸ್ವತ್ವವು ಲೋಕಸಿದ್ಧವಾದರೆ, ಪತ್ರವು ಅದನ್ನು ಗುರುತಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ದಫ್ತರದಲ್ಲಿ ನಕ್ಷೆಯು ಕಾಣೆಯಾಗಿದ್ದ ಕಾಲದಲ್ಲಿಯೂ ಆಡಮ್ಸ್ ಪರ್ವತದ ಪೂರ್ವಪಾರ್ಶ್ವಕ್ಕೆ ಸ್ವಾಮಿಯು ಇದ್ದೇ ಇದ್ದನು.

ಇದರಿಂದ ಆರೋಹಿಯ ಕರ್ತವ್ಯವೂ ಸ್ಪಷ್ಟವಾಗುತ್ತದೆ. ನಿಷೇಧವಿದ್ದಲ್ಲಿ ಹಿಂದಿರುಗುವುದು, ಅನುಜ್ಞೆಯಿದ್ದಲ್ಲಿ ಅದರ ನಿಬಂಧನೆಗಳನ್ನು ಪಾಲಿಸುವುದು ವಿಧಿ. ಪ್ರಾರ್ಥನೆ ಮಾತ್ರವಿದ್ದಲ್ಲಿ ವಿಧಿಯ ಬಲವಿಲ್ಲ. ಆದರೆ ಅಲ್ಲಿ ಬೇಡಿಕೊಳ್ಳಬೇಕಾಗಿ ಬಂದವರು ಹಿಂದೊಮ್ಮೆ ಇಲ್ಲವೆನ್ನುವ ಅಧಿಕಾರವುಳ್ಳವರಾಗಿದ್ದರೆಂಬುದನ್ನು ಅರಿತವನಿಗೆ, ಜೂನ್ ತಿಂಗಳಲ್ಲಿ ಸ್ತಂಭದ ಬುಡದಲ್ಲಿಯೇ ನಿಂತು ಹಿಂದಿರುಗಲು ಬೇರೊಂದು ಶಾಸನವು ಬೇಕಾಗಲಾರದು.